ದ್ಯಾಮಣ್ಣನ ಸಹಿ

ದ್ಯಾಮಣ್ಣ ಸತ್ತನೆಂದು ಊರಿಗೆಲ್ಲ ಸಾರಿದವಳು ನಾನೇ. ಅವನು ಈಗಲೂ ಗಟ್ಟಿಮುಟ್ಟಾಗಿದ್ದಾನೆ, ನಿನ್ನೆ ಕೂಡ ಸಂತೆಯಲ್ಲಿ ಮೆಂತ್ಯಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದ. ಆದರೂ ಆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಅವನು ತೀರಿಕೊಂಡನೆಂದು ಮೈದಾನದ ಹಲಗೆಯ ಮೇಲೆ ನನ್ನ ಕೈಯಾರೆ ಬರೆದೆ, ಗಂಟೆ ಹೊಡೆಸಿದೆ. ನಲವತ್ತೊಂದು ವರ್ಷ ಸಹಿ ಪರೀಕ್ಷೆ ಮಾಡಿದವಳು ತಪ್ಪುತ್ತಾಳೆಂದು ಯಾರಿಗೂ ಅನ್ನಿಸಲಿಲ್ಲ. ನನಗಂತೂ ಅನ್ನಿಸಲೇ ಇಲ್ಲ.

ನಮ್ಮೂರಿನ ಬೇಸ್‌ಬಾಲ್ ಮೈದಾನದ ಗೇಟಿನ ಪಕ್ಕದ ಕೋಣೆ ನನ್ನದು. ಆಟಗಾರರ ಚಿತ್ರವಿರುವ ಕಾರ್ಡುಗಳು ಚಹಾಪುಡಿಯ ಪೊಟ್ಟಣದೊಳಗೆ ಬರುತ್ತವೆ. ಜನ ಅವಕ್ಕೆ ಆಟಗಾರರಿಂದ ಸಹಿ ಹಾಕಿಸಿಕೊಂಡು ನನ್ನಲ್ಲಿಗೆ ತರುತ್ತಾರೆ. ನಾನು ಕಾರ್ಡನ್ನು ಇಪ್ಪತ್ತೊಂದು ದಿನ ಗಾಜಿನ ಕಪಾಟಿನಲ್ಲಿಟ್ಟು ಬೆಳಿಗ್ಗೆ ಸಂಜೆ ಭೂತಗನ್ನಡಿ ಹಿಡಿದು ನೋಡುತ್ತೇನೆ. ಅಸಲಿ ಸಹಿಯಾದರೆ ಅದು ಹಾಕಿದವರ ಕೈಯೊಂದಿಗೆ ತಾನೂ ಬದುಕುತ್ತದೆ. ಅವರಿಗೆ ಜ್ವರ ಬಂದರೆ ಅಕ್ಷರ ಬಾಗುತ್ತದೆ, ಬೆರಳಿಗೆ ಪೆಟ್ಟಾದರೆ ಒತ್ತಕ್ಷರ ಕುಂಟುತ್ತದೆ, ವಯಸ್ಸಾದರೆ ಗೆರೆ ನಡುಗುತ್ತದೆ. ಸತ್ತರೆ ನಿಂತುಬಿಡುತ್ತದೆ. ನಕಲಿಯಾದರೆ ಹಾಕಿದ ದಿನ ಹೇಗಿತ್ತೋ ಹಾಗೇ ಬಿದ್ದಿರುತ್ತದೆ.

ಇದು ನಮಗೆ ಹೊಸದಲ್ಲ. ದುಡಿಯಲು ಬೇರೆ ಊರಿಗೆ ಹೋಗುವವರು ಅಡುಗೆಮನೆಯ ಗೋಡೆಗೆ ಒಂದು ಸಹಿ ಹಾಕಿ ಹೋಗುತ್ತಾರೆ, ಕಾಗದ ಬರೆಯುವ ತಾಪತ್ರಯವಿಲ್ಲ. ಹೆಣ್ಣು ಕೊಡುವ ಮೊದಲು ಹುಡುಗನ ಸಹಿ ತರಿಸಿ ಒಂದು ತಿಂಗಳು ನೋಡುತ್ತಾರೆ, ಸಂಜೆಯಾದರೆ ತೂರಾಡುತ್ತದೋ ಎಂದು. ಆದರೆ ಆಟಗಾರರ ಸಹಿಯ ಮೇಲಿರುವ ಪ್ರೀತಿಯೇ ಬೇರೆ. ಸಹಿ ಹಾಕಲು ಬಾರದವನಿಗೆ ಕಾರ್ಡು ಅಚ್ಚಾಗುವುದಿಲ್ಲ, ಕಾರ್ಡಿಲ್ಲದವನನ್ನು ತಂಡಕ್ಕೆ ಸೇರಿಸುವುದಿಲ್ಲ. ನಕಲಿ ಸಿಕ್ಕಿಬಿದ್ದರೆ ಭಾನುವಾರ ಗೇಟಿನ ಬಳಿಯ ತೊಟ್ಟಿಯಲ್ಲಿ ನೆನೆಹಾಕುತ್ತೇವೆ. ತಪ್ಪು ಮಾಡಿದವನೇ ಮೊಣಕೈವರೆಗೆ ಕೈಯಿಳಿಸಿ ಅದನ್ನು ಕಲಸಿ ಕಲಸಿ ಮುದ್ದೆ ಮಾಡಬೇಕು, ಊರು ನಿಂತು ನೋಡುತ್ತದೆ. ಹೀಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕಾರ್ಡುಗಳನ್ನು ನಾನು ತೊಟ್ಟಿಗೆ ಕಳಿಸಿದ್ದೇನೆ. ಒಂದರಲ್ಲೂ ಕೈ ತಪ್ಪಿಲ್ಲ ಎಂಬ ಜಂಬ ನನಗಿತ್ತು.

ದ್ಯಾಮಣ್ಣ ಇಟ್ಟಿಗೆ ಭಟ್ಟಿಯಿಂದ ಬಂದವನು. ಇಪ್ಪತ್ತೆರಡರ ಹರೆಯದಲ್ಲಿ ಅವನು ಚೆಂಡು ಎಸೆಯಲು ನಿಂತ ಮೊದಲ ದಿನ ದಾಂಡಿಗರು ಬೀಸಿದ್ದೇ ಬೀಸಿದ್ದು, ಚೆಂಡು ಮಾತ್ರ ಹಿಂದಿನವನ ಕೈಗವಸಿನಲ್ಲಿ. ಆಟ ಮುಗಿದ ಮೇಲೆ ಜನ ಬೇಲಿಗೆ ಮುಗಿಬಿದ್ದು ಸಹಿ ಕೇಳಿದರು. ಅವನು ಕಾರ್ಡುಗಳನ್ನೆಲ್ಲ ಟೊಪ್ಪಿಗೆಯಲ್ಲಿ ತುಂಬಿಕೊಂಡು, "ನಾಳೆ ಮುಂಜಾನೆ ಕೊಡ್ತೀನ್ರಿ, ಮೈ ತೊಳಕೊಂಡು ಹಾಕ್ತೀನಿ," ಎಂದು ಮನೆಗೆ ಹೋದ. ಉಳಿದವರು ಬೇಲಿಯ ಮೇಲೆಯೇ ಗೀಚಿ ಕೊಡುವಾಗ ಇವನೊಬ್ಬನೇ ಮಡಿಯಿಂದ ಸಹಿ ಹಾಕುತ್ತಾನೆಂದು ಊರಿಗೆ ಅವನ ಮೇಲೆ ಗೌರವ ಹುಟ್ಟಿತು. ಆಡುವುದನ್ನು ಬಿಟ್ಟ ಮೇಲೂ ಜನ ಕೊಟ್ಟ ಕಾರ್ಡನ್ನು ಅವನು ಮನೆಗೊಯ್ದು ಮರುದಿನವೇ ತಂದುಕೊಡುತ್ತಿದ್ದ. ಒಟ್ಟು ಆರುನೂರಾ ಹನ್ನೊಂದು ಕಾರ್ಡು. ಎಲ್ಲಕ್ಕೂ ಅಸಲಿ ಎಂದು ಮುದ್ರೆ ಒತ್ತಿದವಳು ನಾನು.

ಅವುಗಳಲ್ಲಿ ಮೊದಲನೆಯದು ನನ್ನದೇ. ಅದು ನನ್ನ ಮೇಜಿನ ಮೇಲಿರುತ್ತಿತ್ತು. ನಾನು ಮದುವೆಯಾಗಲಿಲ್ಲ, ಕೇಳಿದವರಿಗೆ ಒಂದೊಂದು ಕಾರಣ ಹೇಳಿದ್ದೇನೆ. ನಿಜ ಹೇಳುತ್ತೇನೆ, ನನಗೆ ಆ ಸಹಿಯ ಮೇಲೆ ಮನಸ್ಸಾಗಿತ್ತು. ಮನುಷ್ಯನ ಮೇಲಲ್ಲ, ಅವನ ಮೀಸೆ ನನಗೆ ಹಿಡಿಸುತ್ತಿರಲಿಲ್ಲ. ಆ ತುಂಬಿದ 'ದ್ಯಾ', ಕೊನೆಯಲ್ಲಿ ಬಾಲ ಎಳೆದುಕೊಂಡು ನಿಲ್ಲುವ 'ಣ್ಣ', ಅದರ ತಾಳ್ಮೆ. ಎಂಥ ದಿನವೂ ಅದು ಅವಸರ ಮಾಡಿದ್ದಿಲ್ಲ. ಬೆಳಿಗ್ಗೆ ಬಂದವಳು ಮೊದಲು ಅದನ್ನು ನೋಡಿ, ಹೇಗಿದೆಯೆಂದು ಒಂದು ಸಾಲು ಬರೆದಿಟ್ಟು, ಆಮೇಲೆ ಚಹಾ ಕುಡಿಯುತ್ತಿದ್ದೆ. ಅವನ ಹೆಂಡತಿಗಿಂತ ಅವನು ನನಗೇ ಹೆಚ್ಚು ಗೊತ್ತೆಂದು ಎಷ್ಟು ಮಂದಿಯ ಮುಂದೆ ಕೊಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ.

ಹೊಳೆಯಾಚೆಯವರ ಮೇಲಿನ ಫೈನಲ್ ಪಂದ್ಯವನ್ನು ನಮ್ಮೂರಲ್ಲಿ ಇಂದಿಗೂ ಮರೆತವರಿಲ್ಲ. ಮಧ್ಯಾಹ್ನ ಆಟ ಶುರುವಾಗುತ್ತಲೇ ಕಟ್ಟೆಯ ಮೇಲೆ ಕೂತವರ ಕೈಯಲ್ಲಿದ್ದ ಕಾರ್ಡುಗಳಲ್ಲಿ ಅವನ ಸಹಿ ಒದ್ದಾಡತೊಡಗಿತು. ಅಕ್ಷರಗಳು ಹಿಂಡಿಕೊಳ್ಳುವವು, ಸಡಿಲವಾಗುವವು, ಮತ್ತೆ ಹಿಂಡಿಕೊಳ್ಳುವವು. ಅಂಥ ನೋವನ್ನು ನಾನು ಯಾವ ಸಹಿಯಲ್ಲೂ ಕಂಡಿರಲಿಲ್ಲ. ಅವನೋ ಮುಖ ಕೂಡ ಕಿವುಚದೆ ಎಸೆಯುತ್ತಿದ್ದ, ಒಬ್ಬನಿಗೂ ಚೆಂಡು ಮುಟ್ಟಗೊಡಲಿಲ್ಲ. ಗೆದ್ದ ಮೇಲೆ ಜನ ಅತ್ತರು. ಅಂದಿನಿಂದ ಅವನಿಗೆ ನೋವು ನುಂಗಿದ ದ್ಯಾಮಣ್ಣ ಎಂದೇ ಹೆಸರಾಯಿತು.

ಇಂಥವನ ಸಹಿ ಆ ಮಂಗಳವಾರ ನಿಂತಿತು. ಎರಡು ವರ್ಷದಿಂದ ನಡುಗುತ್ತಿದ್ದ ಗೆರೆ ನಾನು ನೋಡುತ್ತಿರುವಾಗಲೇ ಒಮ್ಮೆ ನೇರವಾಗಿ, ಮೊದಲ ದಿನದಷ್ಟು ದುಂಡಾಗಿ, ಹಾಗೇ ನಿಂತುಬಿಟ್ಟಿತು. ಗಂಟೆ ಕೇಳಿ ಅಂಗಡಿಗಳ ಬಾಗಿಲು ಬಿದ್ದವು. ಜನ ಒಂದು ಕೈಯಲ್ಲಿ ಹಾರ, ಇನ್ನೊಂದರಲ್ಲಿ ನಿಂತುಹೋದ ಕಾರ್ಡು ಹಿಡಿದುಕೊಂಡು ಹೊರಟರು. ಮೈದಾನ ಕಮಿಟಿಯ ಅಧ್ಯಕ್ಷ ಶಂಕ್ರಯ್ಯ ಎಲ್ಲರಿಗಿಂತ ಮುಂದೆ, ಎಲ್ಲಕ್ಕಿಂತ ದಪ್ಪ ಹಾರ ಹಿಡಿದು. ನಾನು ಅಳುತ್ತ ಅವನ ಹಿಂದೆ.

ದ್ಯಾಮಣ್ಣ ತನ್ನ ಮನೆಯ ಹೊಸ್ತಿಲ ಮೇಲೆ ಕೂತಿದ್ದ.

ಶಂಕ್ರಯ್ಯ ಗಕ್ಕನೆ ನಿಂತ. ಅವನ ಬೆನ್ನಿಗೆ ನಾನು, ನನ್ನ ಬೆನ್ನಿಗೆ ಇಡೀ ಓಣಿ. ದ್ಯಾಮಣ್ಣ ತಲೆಯೆತ್ತಿ ಅಷ್ಟೂ ಜನರನ್ನು, ಅಷ್ಟೂ ಹಾರಗಳನ್ನು ನೋಡಿದ. ಅವನ ಕಣ್ಣು ತುಂಬಿ ಬಂತು. "ಇಷ್ಟ ಲಗೂನ ಯಾರ ಹೇಳಿದ್ರು ನಿಮಗ?" ಎಂದ. "ಆಕಿ ಸಲುವಾಗಿ ಇಷ್ಟ ಮಂದಿ ಬರ್ತೀರಿ ಅಂತ ನಾ ತಿಳಿದಿದ್ದಿಲ್ಲ." ಎದ್ದುಬಂದು ಶಂಕ್ರಯ್ಯನ ಕೈಯಿಂದ ಹಾರ ತೆಗೆದುಕೊಂಡು ಒಳಗೆ ಹೋದ. ಒಳಗೆ ತೀರಿಕೊಂಡ ಅವನ ಹೆಂಡತಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹೊರಗೆ ಬಂದು ಇನ್ನೊಂದು ಹಾರ ಇಸಿದುಕೊಂಡ, ಮತ್ತೊಂದು. ಜನ ಸಾಲಾಗಿ ಹಾರ ಕೊಡುತ್ತ ಹೋದರು. ಕೊನೆಗೆ ದರ್ಜಿ ಖಾದರಸಾಬನೇ ಮೆಲ್ಲಗೆ ಕೇಳಿದ, "ಎಷ್ಟೊತ್ತಿಗೆ ಹೋದ್ರು, ದ್ಯಾಮಣ್ಣ?" "ಹತ್ತು ಹೊಡದ ಹತ್ತು ನಿಮಿಷ ಆಗಿತ್ತು ನೋಡಪಾ." ನಾವೆಲ್ಲ ಕೈಯಲ್ಲಿದ್ದ ಕಾರ್ಡುಗಳತ್ತ ನೋಡಿದೆವು. ನಾನು ಅವನ ಕಟ್ಟೆಯ ಮೇಲೆ ಕೂತುಬಿಟ್ಟೆ.

ಮಣ್ಣು ಮಾಡುವವರೆಗೆ ಊರು ಸುಮ್ಮನಿತ್ತು. ಬುಧವಾರದಿಂದ ಬಾಯಿ ಬಿಟ್ಟಿತು. ಮೋಸ ಎಂದರು, ನಲವತ್ತು ವರ್ಷದ ಮೋಸ ಎಂದರು, ನನ್ನ ಕಣ್ಣಿಗೆ ಪೊರೆ ಬಂದಿದೆ ಎಂದೂ ಅಂದರು. ಶಂಕ್ರಯ್ಯ ನೋಟಿಸು ಅಂಟಿಸಿದ: ಆರುನೂರಾ ಹನ್ನೊಂದು ಕಾರ್ಡುಗಳನ್ನೂ ಭಾನುವಾರ ಮೈದಾನಕ್ಕೆ ತರಬೇಕು, ನಕಲಿ ಎಂದು ಪರೀಕ್ಷಕಿ ಹೇಳಿದ ಕೂಡಲೇ ದ್ಯಾಮಣ್ಣನೇ ಅವನ್ನು ತೊಟ್ಟಿಯಲ್ಲಿ ಕಲಸಬೇಕು.

ಶುಕ್ರವಾರ ದ್ಯಾಮಣ್ಣ ನನ್ನ ಕೋಣೆಗೆ ಬಂದ. ಕೂರು ಎಂದರೂ ಕೂರಲಿಲ್ಲ. "ನನಗ ಬರಿಯಾಕ ಬರಾಂಗಿಲ್ಲ, ನೀಲಕ್ಕ," ಎಂದ. "ತಂಡಕ್ಕ ಸೇರೂ ಮುಂದ ಸಹಿ ಬರತೈತಿ ಅಂತ ಬಾಯಿಲೆ ಹೇಳಿದ್ದೆ. ಮೊದಲನೇ ದಿನ ಕಾರ್ಡ ತುಂಬಕೊಂಡು ಮನಿಗೆ ಹೋಗಿ, ನಾಳಿಂದ ಭಟ್ಟಿಗೆ ಹೊಕ್ಕೀನಿ, ಆಟ ಸಾಕು ಅಂದೆ. ಆಕಿ ಟೊಪಗಿ ಕಸಗೊಂಡು ಎಲ್ಲಾಕ್ಕೂ ಬರದಿಟ್ಲು. ಸಾಲಿಗೆ ನಾಕನೇತ್ತಾ ತನಕ ಹೋಗಿದ್ಲು ಆಕಿ."

"ನಲವತ್ತೊಂದು ವರ್ಷ ನನ್ನ ಮುಂದ ಸುಳ್ಳ ಹೇಳಿದಿ," ಎಂದೆ. ನನಗೆ ಸಿಟ್ಟು ಬಂದಿತ್ತು. ಮೋಸ ಹೋದೆನೆಂದಲ್ಲ, ಯಾರನ್ನು ಅಷ್ಟು ವರ್ಷ ಇಷ್ಟಪಟ್ಟೆನೋ ಅವಳು ಓಣಿಯಲ್ಲಿ ಎದುರು ಬಂದಾಗ ನಾನು ಒಂದು ದಿನವೂ ನಿಂತು ಮಾತಾಡಿಸಿರಲಿಲ್ಲ ಎಂದು.

"ಹೇಳೇನಿ. ಅದಕ್ಕ ನೀವು ಏನ ಶಿಕ್ಷಾ ಕೊಟ್ರೂ ತಗೋತೀನಿ. ಆದ್ರ ಕಲಸು ಅನಬ್ಯಾಡ್ರಿ." ಅವನು ಮೇಜಿನ ಮೇಲಿದ್ದ ನನ್ನ ಕಾರ್ಡಿನತ್ತ ನೋಡುತ್ತಿದ್ದ. "ನಮ್ಮ ಮನ್ಯಾಗ ಒಂದೂ ಇಲ್ಲ. ಬರದು ಬರದು ಎಲ್ಲಾ ಮಂದಿಗೆ ಕೊಟ್ಲು. ಆಕಿ ಕೈಯಿಂದ ಉಳದದ್ದು ಇಷ್ಟ ನೋಡ್ರಿ, ನಿಮ್ಮೆಲ್ಲಾರ ಮನ್ಯಾಗಿರೂದು. ಅದನ್ನ ನನ್ನ ಕೈಲೆ ನೀರಾಗ ಕಲಸು ಅಂದ್ರ ನಾ ಆಗ ಸಾಯ್ತೀನಿ, ಖರೇನ ಸಾಯ್ತೀನಿ."

ನಾನು ಏನೂ ಮಾತು ಕೊಡಲಿಲ್ಲ. ಕೊಡಲು ಬರುತ್ತಿರಲಿಲ್ಲ. ಬೇರೆಯವರ ಹೆಸರನ್ನು ಬರೆದ ಸಹಿ ನಮ್ಮೂರಲ್ಲಿ ಎಂದೂ ಬದುಕಿಲ್ಲ. ನಾನು ತೊಟ್ಟಿಗೆ ಕಳಿಸಿದ್ದೆಲ್ಲ ಅಂಥವೇ. ಇದು ಮಾತ್ರ ಬದುಕಿತ್ತು, ಉಳಿದೆಲ್ಲಕ್ಕಿಂತ ಚೆನ್ನಾಗಿ ಬದುಕಿತ್ತು. ಹೇಗೆಂದು ನನಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಕಟ್ಟೆಗಳು ತುಂಬಿದ್ದವು. ತೊಟ್ಟಿಗೆ ನೀರು ಬಿಟ್ಟಿದ್ದರು. ದ್ಯಾಮಣ್ಣ ಮಗಳು ಭಾಗೀರಥಿಯೊಂದಿಗೆ ತೊಟ್ಟಿಯ ಪಕ್ಕ ನಿಂತಿದ್ದ. ನಾನು ನಲವತ್ತೊಂದು ವರ್ಷ ಬರೆದಿಟ್ಟ ಪುಸ್ತಕಗಳನ್ನು ಹೊತ್ತುಕೊಂಡು ಹೋಗಿದ್ದೆ. ಹೇಳುವುದೇನೆಂದು ಇನ್ನೂ ತೋಚಿರಲಿಲ್ಲ, ಹೊತ್ತು ಕಳೆಯಲೆಂದೇ ಒಂದು ಪುಟ ತೆರೆದು ಓದಿದೆ. ಇಂಥ ವರ್ಷದ ಬೇಸಿಗೆ, ಸಹಿ ಎಡಕ್ಕೆ ವಾಲಿದೆ, ಭುಜದ ಉಳುಕು, ಮೂರು ಪಂದ್ಯ ಆಡಿಸಬಾರದು.

"ನನ್ನ ಭುಜಕ್ಕ ಏನೂ ಆಗಿದ್ದಿಲ್ಲರಿ," ಎಂದ ದ್ಯಾಮಣ್ಣ. "ಗಂಜಿ ಬಸಿಯೂ ಮುಂದ ಆಕಿ ಮುಂಗೈ ಸುಟ್ಟಿತ್ತು. ನಿಮ್ಮ ಚೀಟಿಗೆ ನಾ ಸುಮ್ಮನ ಮೂರು ಮ್ಯಾಚ್ ಕುಂತೆ."

ಯಾರೋ ನಕ್ಕರು. ಶಂಕ್ರಯ್ಯ ತಿರುಗಿ ನೋಡಿದ ಮೇಲೆ ಸುಮ್ಮನಾದರು. ನಾನು ಮುಂದೆ ಓದಿದೆ. ಪ್ರತಿ ವರ್ಷ ಶ್ರಾವಣದಲ್ಲಿ ಎಂಟು ದಿನ ಅಕ್ಷರ ಹಗುರಾಗುತ್ತದೆ, ಬಾಲ ಕುಣಿಯುತ್ತದೆ. ಇದಕ್ಕೆ ನಾನು ದೈವಭಕ್ತಿ ಎಂದು ಷರಾ ಬರೆದಿದ್ದೆ. "ಪಂಚಮಿಗೆ ತವರಿಗೆ ಹೋಗ್ತಿದ್ಲು," ಎಂದ ಅವನು. "ಜೋಕಾಲಿ ಅಂದ್ರ ಆಕಿಗೆ ಭಾಳ ಸೇರತಿತ್ತು."

ಆಮೇಲೆ ನಾನು ಓದಬೇಕಾಗಲೇ ಇಲ್ಲ. ಕಟ್ಟೆಯ ಮೇಲಿನವರೇ ಎದ್ದು ಕೇಳತೊಡಗಿದರು. ಬಳೆಗಾರ್ತಿ ಹಸೀನಾಬಿ ಕಾರ್ಡು ಎತ್ತಿ ಹಿಡಿದು, "ಒಂದ ವರ್ಷ ನನ್ನ ಕಾರ್ಡನ್ಯಾಗ ಸಹಿ ಚೂರಿ ಹಂಗ ಆಗಿತ್ತಲ್ಲ, ಕಾಗದ ಹರೀತೈತಿ ಅನ್ನೂವಂಗ?" ಎಂದಳು. ಆ ವರ್ಷ ದ್ಯಾಮಣ್ಣನಿಗೆ ಹೊಳೆಯಾಚೆಯವರ ಮೇಲೆ ರೋಷ ಬಂದಿದೆ ಎಂದು ನಾವು ಹಿಗ್ಗಿದ್ದೆವು. ಅವನು ತಲೆ ತಗ್ಗಿಸಿದ. "ನಿನ್ನ ಹೆಸರು ನೀನ ಬರಿಯೂದು ಕಲಿ, ನಾ ಕಲಸ್ತೀನಿ ಅಂದ್ಲು. ನಾ ಒಲ್ಲೆ ಅಂದೆ, ಒಂದ ಮಾತು ಹೆಚ್ಚೂ ಅಂದೆ. ಆ ವರ್ಷ ಪೂರ್ತಿ ನನ್ನ ಜೋಡಿ ಮಾತಾಡ್ಲಿಲ್ಲ. ಸಹಿ ಮಾತ್ರ ಬಿಡ್ಲಿಲ್ಲ."

ಖಾದರಸಾಬ ಎರಡು ವರ್ಷದ ಹಿಂದೆ ನಡುಕಕ್ಕೆಂದು ಎಣ್ಣೆ ಕಳಿಸಿದ್ದ. "ಅದನ್ನ ಆಕಿ ಕೈಗೆ ತಿಕ್ಕೀನಿ, ಸಾಬಣ್ಣ. ಛಲೋ ಆಗಿತ್ತು, ನಿದ್ದಿ ಬರತಿತ್ತು ಆಕಿಗೆ." ಖಾದರಸಾಬ ಕೂತುಕೊಂಡು ಕಣ್ಣೊರೆಸಿಕೊಂಡ.

ಆಗ ಹಿಂದಿನ ಸಾಲಿನಿಂದ ಮುದುಕನೊಬ್ಬ ಕೇಳಿದ, "ಫೈನಲ್ ಮ್ಯಾಚಿನ ದಿನ ಒದ್ದಾಡ್ತಲ್ಲೋ ಅದು, ನಾಕ ತಾಸು. ಅದ ಏನು?"

ದ್ಯಾಮಣ್ಣ ಪಕ್ಕದಲ್ಲಿದ್ದ ಮಗಳ ಹೆಗಲ ಮೇಲೆ ಕೈಯಿಟ್ಟ, ಅಷ್ಟೇ. ಭಾಗೀರಥಿ ಹುಟ್ಟಿದ್ದು ಆ ದಿನ ಎಂದು ನನಗೆ ಗೊತ್ತಿತ್ತು, ಗೆಲುವಿನ ದಿನ ಮಗಳು ಹುಟ್ಟಿದಳೆಂದು ನಾನೇ ಪೇಡೆ ಹಂಚಿದ್ದೆ. ಒಂದು ಹೆರಿಗೆಯನ್ನು ಇಡೀ ಊರು ಕಟ್ಟೆಯ ಮೇಲೆ ಕೂತು ಅಂಗೈಯಲ್ಲಿ ಹಿಡಿದು ನೋಡಿತ್ತು, ಅತ್ತಿತ್ತು, ಆಮೇಲೆ ಆ ನೋವಿನ ಹೆಸರನ್ನು ಚೆಂಡು ಎಸೆದವನಿಗೆ ಕೊಟ್ಟಿತ್ತು. ಜನ ತಮ್ಮ ತಮ್ಮ ಕಾರ್ಡುಗಳನ್ನು ಆಗಷ್ಟೇ ಕೈಗೆ ಬಂದವೇನೋ ಎಂಬಂತೆ ನೋಡುತ್ತಿದ್ದರು.

ಶಂಕ್ರಯ್ಯ ಮುಂದೆ ಬಂದ. ಕೆಟ್ಟವನಲ್ಲ, ನಿಯಮ ಬಿಟ್ಟರೆ ಅವನಿಗೆ ಬೇರೆ ಊರುಗೋಲಿಲ್ಲ. "ಎಲ್ಲಾ ಖರೆ ಐತಿ. ಆದ್ರ ಸಹಿ ದ್ಯಾಮಣ್ಣಂದಲ್ಲ. ನಕಲಿ ನಕಲೀನ. ನೀವ ಹೇಳ್ರಿ ನೀಲಾಂಬಿಕಾ ಅವರ."

ಆಗ ನನಗೆ ಹೊಳೆಯಿತು. "ಹೇಳ್ತೀನಿ," ಎಂದೆ. "ನಾಕ ಸಾವಿರ ನಕಲಿ ತೊಟ್ಟಿಗೆ ಕಳಿಸೇನಿ, ಪ್ರತಿಯೊಂದಕ್ಕೂ ಅಸಲಿ ಪಕ್ಕಕ್ಕ ಇಟ್ಟು ತೋರಿಸೇನಿ. ಇದಕ್ಕ ಅಸಲಿ ಎಲ್ಲೈತಿ? ತರ್ರಿ, ಹೋಲಿಸಿ ನೋಡ್ತೀನಿ."

"ದ್ಯಾಮಣ್ಣ ಇಲ್ಲೇ ನಿಂತಾನಲ್ಲ. ಈಗ ಹಾಕಲಿ," ಎಂದ ಶಂಕ್ರಯ್ಯ, ತನ್ನ ಪೆನ್ನು ಚಾಚಿದ.

ದ್ಯಾಮಣ್ಣ ಪೆನ್ನು ನೋಡಿದ, ಕಟ್ಟೆಗಳನ್ನು ನೋಡಿದ. ಒಂದು ಕಾಲಕ್ಕೆ ಇದೇ ಜನ ಅವನನ್ನು ಹೆಗಲ ಮೇಲೆ ಹೊತ್ತಿದ್ದರು. "ನನಗ ಬರಾಂಗಿಲ್ಲರಿ," ಎಂದ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

"ಅಸಲಿ ಇಲ್ಲದ ನಕಲಿ ಹ್ಯಾಂಗ ಆಕ್ಕೈತಿ?" ಎಂದೆ ನಾನು. "ಆಕಿ ಯಾವುದನ್ನೂ ನೋಡಿ ಬರದಾಕಿ ಅಲ್ಲ. ಇರೂದು ಇದೊಂದ. ಇದ ಅಸಲಿ." ಹಸೀನಾಬಿ ಮೊದಲು ಎದ್ದು ಕಾರ್ಡನ್ನು ಸೆರಗಿನೊಳಗೆ ಇಟ್ಟುಕೊಂಡಳು. ಅವಳನ್ನು ನೋಡಿ ಉಳಿದವರೂ ಜೇಬಿಗೆ, ಚೀಲಕ್ಕೆ, ಟೊಪ್ಪಿಗೆಗೆ ಸೇರಿಸಿಕೊಂಡರು. ಶಂಕ್ರಯ್ಯ ತಾನೇ ಹೋಗಿ ತೊಟ್ಟಿಯ ನೀರನ್ನು ಹೊರಬಿಟ್ಟು ಬಂದ.

"ಪುಸ್ತಕದಾಗ ಹಾಕಿದವರ ಹೆಸರು ತಿದ್ದಬೇಕಲ್ಲ," ಎಂದ. ಸರಿಯೇ. ನಾನು ಪುಟ ತೆರೆದು, ದ್ಯಾಮಣ್ಣ ಎಂದಿದ್ದನ್ನು ಹೊಡೆದುಹಾಕಿ, ಪೆನ್ನು ಹಾಗೇ ಹಿಡಿದುಕೊಂಡು ಕೂತೆ. ಆಕೆಯ ಹೆಸರು ನನಗೆ ಗೊತ್ತಿರಲಿಲ್ಲ. ತಲೆಯೆತ್ತಿ ಖಾದರಸಾಬನನ್ನು ನೋಡಿದೆ, ಹಸೀನಾಬಿಯನ್ನು ನೋಡಿದೆ. ದ್ಯಾಮಣ್ಣನ ಹೆಂಡತಿ, ಭಾಗೀರಥಿಯ ಅವ್ವ, ಇದಕ್ಕಿಂತ ಹೆಚ್ಚು ಯಾರ ಬಾಯಲ್ಲೂ ಬರಲಿಲ್ಲ. ನಲವತ್ತೊಂದು ವರ್ಷ ಆಕೆಯ ಜ್ವರ, ಸಿಟ್ಟು, ಜೋಕಾಲಿ ಎಲ್ಲವನ್ನೂ ಬೆಳಿಗ್ಗೆ ಚಹಾಕ್ಕಿಂತ ಮೊದಲು ನೋಡಿದವಳು ನಾನು. ನಾಚಿಕೆಯಿಂದ ಸತ್ತೆ.

"ತುಳಜವ್ವ," ಎಂದ ದ್ಯಾಮಣ್ಣ.

ಬರೆದೆ. ಅವನು ಬಗ್ಗಿ ನೋಡಿದ. "ಇದೇನ್ರಿ ಆಕಿ ಹೆಸರು?" ಎಂದು ಅದರ ಕೆಳಗೆ ಬೆರಳಿಟ್ಟ. "ಆಕಿ ಇದನ್ನ ಎಂದೂ ಬರೀಲಿಲ್ಲ ನೋಡ್ರಿ. ಬರದದ್ದೆಲ್ಲಾ ನಂದ."

ಆರುನೂರಾ ಹನ್ನೊಂದು ಕಡೆ ತಿದ್ದಲು ನನಗೆ ಮೂರು ದಿನ ಹಿಡಿಯಿತು. ಮೂರೂ ದಿನ ಅವನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡಿದ. ನಾಲ್ಕನೆಯ ದಿನ ಒಂದು ಪಾಟಿ, ಬಳಪ ತಂದು ಮೇಜಿನ ಮೇಲಿಟ್ಟ. "ಕಲಸ್ರಿ," ಎಂದ. ನಿನ್ನ ಹೆಸರಿಗೆ ಇಂಥಿಂಥ ಅಕ್ಷರ ಬೇಕು ಎಂದು ನಾನು ಶುರುಮಾಡಿದರೆ, "ನಂದು ಯಾರಿಗೆ ಬೇಕು?" ಎಂದು ರೇಗಿದ. ಹದಿನೆಂಟು ದಿನ ಬೇಕಾಯಿತು ಅವನಿಗೆ. ಚೆಂಡು ಹಿಡಿದ ಹಾಗೆ ಬಳಪ ಹಿಡಿಯುತ್ತಿದ್ದ, ದಿನಕ್ಕೆ ನಾಲ್ಕು ಬಳಪ ಮುರಿಯುತ್ತಿದ್ದ. ಕೊನೆಗೊಂದು ದಿನ ಖಾಲಿ ಕಾರ್ಡಿನ ಮೇಲೆ ಶಾಯಿಯಲ್ಲಿ 'ತುಳಜವ್ವ' ಎಂದು ಬರೆದು ನನ್ನ ಮುಂದೆ ತಳ್ಳಿದ. "ಕಪಾಟನ್ಯಾಗ ಇಡ್ರಿ. ಬದುಕತೈತೋ ಇಲ್ಲೋ ನೋಡೂಣು."

ಇಡದೆ ವಿಧಿಯಿರಲಿಲ್ಲ. ಆದರೆ ನನಗೆ ಹೆದರಿಕೆಯಾಯಿತು. ಇದಕ್ಕೂ ಅಸಲಿ ಎಲ್ಲಿದೆ ಎಂದು ವಾದ ಮಾಡಬಹುದು, ಊರು ಒಪ್ಪಲೂಬಹುದು. ಆದರೆ ವಾದಕ್ಕೆ ಸಹಿ ಅಲ್ಲಾಡುವುದಿಲ್ಲ. ಅದು ಬಿದ್ದಲ್ಲೇ ಬಿದ್ದಿದ್ದರೆ ಆ ಮನುಷ್ಯನಿಗೆ ನಾನು ಯಾವ ಬಾಯಿಂದ ಹೇಳಲಿ? ಮೊದಲ ದಿನ ಏನೂ ಇಲ್ಲ. ಮೂರನೆಯ ದಿನ ಇಲ್ಲ, ಆರನೆಯ ದಿನ ಇಲ್ಲ. ಎಂಟನೆಯ ದಿನ ಬೆಳಿಗ್ಗೆ ಹೊಸ ಭೂತಗನ್ನಡಿ ತರಿಸಿದೆ, ತಪ್ಪು ಹಳೆಯ ಕನ್ನಡಿಯದೇನೋ ಎಂದು.

ಒಂಬತ್ತನೆಯ ದಿನ 'ವ್ವ' ಕುಂಟುತ್ತಿತ್ತು. ಕನ್ನಡಿ ಬೇಡವೇ ಬೇಡ, ಬಾಗಿಲಲ್ಲಿ ನಿಂತರೂ ಕಾಣುತ್ತಿತ್ತು. ಇಪ್ಪತ್ತೊಂದು ದಿನ ಕಾಯುವ ನಿಯಮ ಮಾಡಿದವಳು ನಾನೇ, ಮುರಿದವಳೂ ನಾನೇ. ಕೋಣೆಗೆ ಬೀಗ ಕೂಡ ಹಾಕದೆ, ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಸಿಲಲ್ಲಿ ಅವನ ಮನೆಗೆ ನಡೆದೆ.

ಅವನು ಒಲೆಯ ಮುಂದೆ ಕೂತು ರೊಟ್ಟಿ ತಟ್ಟಲು ಹೆಣಗುತ್ತಿದ್ದ. ಬಲಗೈಯ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. "ಈಳಗಿ ತಾಗಿತು," ಎಂದ ನನ್ನ ಮುಖ ನೋಡಿ. ನಾನು ಕಾರ್ಡನ್ನು ಅವನ ಮುಂದೆ ಹಿಡಿದು, "ಬದುಕೈತಿ, ದ್ಯಾಮಣ್ಣ," ಎಂದೆ. ಅಷ್ಟು ಹೇಳುವುದರೊಳಗೆ ಅತ್ತುಬಿಟ್ಟಿದ್ದೆ.

ಅವನು ಹಿಟ್ಟಿನ ಕೈ ತೊಳೆದುಕೊಂಡು ಬಂದು ಕಾರ್ಡು ತೆಗೆದುಕೊಂಡ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದೊಂದು ಬರಿಯೂದಕ್ಕ ಎರಡ ದಿನ ನನ್ನ ಕೈ ನೋವಾಗಿತ್ರಿ," ಎಂದ. ಆಮೇಲೆ ಗೂಟದಿಂದ ತನ್ನ ಖಾಲಿ ಟೊಪ್ಪಿಗೆ ತೆಗೆದು ನನ್ನ ಮುಂದೆ ಹಿಡಿದ. "ಇನ್ನೂ ಆರನೂರಾ ಹತ್ತು ಕಾರ್ಡ ಬೇಕು."